ಎಡಗೈ ತಾನೇ ಅಂದರು

ಬೆಳಗಿನ ಹೊತ್ತು ಮನೆಮನೆಗೆ ಹೋಗಿ ರಕ್ತದ ಸ್ಯಾಂಪಲ್ ತೆಗೆದು ಲ್ಯಾಬಿಗೆ ಒಪ್ಪಿಸುವುದು ನನ್ನ ಕೆಲಸ. ಹನುಮಂತನಗರದ ಮನೆಯಿಂದ ಬೈಕಿನಲ್ಲಿ ಹೊರಟರೆ ಜಯನಗರ, ಜೆ.ಪಿ. ನಗರ, ಬನಶಂಕರಿ ಸುತ್ತಿಕೊಂಡು ತಿಂಡಿಯ ಹೊತ್ತು ಮೀರುವುದರೊಳಗೆ ಲ್ಯಾಬ್ ಸೇರಬೇಕು. ನಮ್ಮ ಈ ಕಡೆಯ ಜನಕ್ಕೆ ಸಕ್ಕರೆ ಕಾಯಿಲೆಯ ಮೇಲೆ ಅಷ್ಟೇನೂ ಸಿಟ್ಟಿಲ್ಲ. ರಕ್ತ ಕೊಡುವ ತನಕ ಕಾಫಿ ಕುಡಿಯಬಾರದು ಎನ್ನುವುದರ ಮೇಲೆ ಸಿಟ್ಟು. ಆ ಸಿಟ್ಟೆಲ್ಲ ಬಂದು ಬೀಳುವುದು ನನ್ನ ಫೋನಿನ ಮೇಲೆ.

ಆವತ್ತೂ ಹಾಗೇ ಆಯಿತು. ಕೆಲವು ಮನೆ ಮುಗಿಸಿ ಮುಂದಿನದಕ್ಕೆ ಹೊರಟಿದ್ದೆ. ಜಯನಗರದ ಒಳರಸ್ತೆ, ನೇರಳೆ ಹಣ್ಣಿನ ಕಾಲ. ಮರದಡಿ ಉದುರಿದ ಹಣ್ಣನ್ನು ಕಾರುಗಳು ಅರೆದು ಅರೆದು ರಸ್ತೆಗೆ ಲೋಳೆ ಬಳಿದಂತಾಗಿತ್ತು. ಅದರ ಮೇಲೆ ಹಿಂದಿನ ಸಂಜೆಯ ಮಳೆ ಬೇರೆ. ಹೆಲ್ಮೆಟ್ಟಿಗೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡಿದ್ದೆ. ಆ ತುದಿಯಲ್ಲಿ ಮುಂದಿನ ಮನೆಯ ಯಜಮಾನರು.

"ಎಲ್ಲಿದೀರ್ರೀ? ಏಳೂವರೆ ಅಂದಿದ್ರಿ. ಇನ್ನೂ ಕಾಫಿ ಕುಡಿದಿಲ್ಲ ನಾನು."

"ಬಂದೆ ಸಾರ್, ನಿಮ್ಮ ಕ್ರಾಸಲ್ಲೇ ಇದೀನಿ" ಎಂದೆ. ಅವರ ಕ್ರಾಸು ಇನ್ನೂ ದೂರವಿತ್ತು. ಗಾಡಿ ಸ್ವಲ್ಪ ಜೋರು ಮಾಡಿ ಎಡಕ್ಕೆ ತಿರುಗಿದೆ. ಅದೇ ಹೊತ್ತಿಗೆ ಒಂದು ಗೇಟಿನೊಳಗಿಂದ ಕಾರೊಂದು ಹಿಂದಕ್ಕೆ ಬಂತು. ಬಲಗೈ ಮುಂದಿನ ಬ್ರೇಕನ್ನು ಪೂರ್ತಿ ಹಿಡಿದುಬಿಟ್ಟಿತು. ಮುಂದಿನ ಚಕ್ರ ಲೋಳೆಯ ಮೇಲೆ ಜಾರಿತು, ಗಾಡಿ ಎಡಕ್ಕೆ ಮಲಗಿತು, ನಾನು ಎಡಗೈ ಊರಿದೆ.

ನೋವಿಗಿಂತ ಮುಂಚೆ ನನಗೆ ನೆನಪಾದದ್ದು ಸ್ಯಾಂಪಲ್ ಚೀಲ. ಅದರ ಜಿಪ್ಪು ಬಿಟ್ಟುಕೊಂಡು ಟ್ಯೂಬುಗಳು ರಸ್ತೆಯ ಮೇಲೆ ಉರುಳುತ್ತಿದ್ದವು. ನನ್ನನ್ನು ಎತ್ತಲೆಂದು ಓಡಿಬಂದವರು ರಕ್ತದ ಟ್ಯೂಬು ನೋಡಿ ಗಕ್ಕನೆ ನಿಂತರು. ನನ್ನ ಬಿಳಿ ಅಂಗಿಯ ತುಂಬ ನೇರಳೆ ಹಣ್ಣಿನ ಬಣ್ಣ. ವಾಕಿಂಗ್ ಬಂದಿದ್ದ ಒಬ್ಬರು, "ತುಂಬಾ ಬ್ಲಡ್ ಹೋಗಿದೆ ಪಾಪ" ಎಂದರು. "ಅದು ಹಣ್ಣು ಸಾರ್" ಎಂದೆ. ಸ್ವಲ್ಪ ದೂರದಲ್ಲಿ ಬಿದ್ದಿದ್ದ ಫೋನಿನೊಳಗಿಂದ "ಹಲೋ, ಹಲೋ" ಎಂದು ಇನ್ನೂ ಕೇಳಿಸುತ್ತಲೇ ಇತ್ತು.

ಕೊನೆಗೆ ಬಂದವನು ಒಬ್ಬ ಆಟೋ ಡ್ರೈವರ್.

"ಮುಟ್ಬೋದಾ ಅಣ್ಣ ಇದನ್ನ?"

"ಮುಚ್ಚಳ ಭದ್ರವಾಗಿದೆ, ಏನೂ ಆಗಲ್ಲ. ಮೇಲಿನ ಹೆಸರು ಮಾತ್ರ ಅಳಿಸಬೇಡಿ."

ಅವನು ಹೆಗಲ ಮೇಲಿನ ಟವೆಲ್ಲಿನಲ್ಲಿ ಒಂದೊಂದಾಗಿ ಹಿಡಿದು ತಂದುಕೊಟ್ಟ. ಟ್ಯೂಬು ಒಡೆದಿರಲಿಲ್ಲ. ಮಣಿಕಟ್ಟು ಮಾತ್ರ ಊಟದ ಚಮಚದ ಹಾಗೆ ಬಗ್ಗಿಕೊಂಡು ನಿಂತಿತ್ತು. ರಕ್ತ ತೆಗೆಯುವಾಗ ತೋಳಿಗೆ ಕಟ್ಟುವ ಬೆಲ್ಟು ಜೇಬಿನಲ್ಲಿತ್ತು. ಅದರಿಂದಲೇ ಕೈಯನ್ನು ಎದೆಗೆ ಕಟ್ಟಿಸಿಕೊಂಡೆ. ಲ್ಯಾಬಿಗೆ ಫೋನ್ ಮಾಡಿ ಚೀಲ ಒಯ್ಯಲು ಯಾರನ್ನಾದರೂ ಕಳಿಸಿ ಎಂದೆ. ಆಮೇಲೆ ಕಾಫಿಗೆ ಕಾದಿದ್ದ ಯಜಮಾನರಿಗೆ ಮಾಡಿದೆ.

"ಸಾರ್, ಬಿದ್ದುಬಿಟ್ಟೆ. ಕೈ ಮುರಿದಿರ್ಬೇಕು. ಬೇರೆಯವರು ಬರ್ತಾರೆ."

"ಅಯ್ಯೋ ಪಾಪ" ಎಂದರು. ಆಮೇಲೆ, "ಅವರು ಬರೋಕೆ ಎಷ್ಟು ಹೊತ್ತಾಗತ್ತೆ?" ಎಂದರು.

ಆಸ್ಪತ್ರೆಯಲ್ಲಿ ಮಣಿಕಟ್ಟಿಗೆ ಪ್ಲೇಟು ಹಾಕಿ ತಿರುಪು ಬಿಗಿದರು. ನೋಡಲು ಬಂದವರೆಲ್ಲರದೂ ಒಂದೇ ಮಾತು: ಎಡಗೈ ತಾನೇ, ಪುಣ್ಯ ಮಾಡಿದ್ದೀಯ. ಅತ್ತೆ ಅಂದರು, ಮನೆ ಓನರ್ ಅಂದರು, ಲ್ಯಾಬಿನ ಮೇಲ್ವಿಚಾರಕಿ ಮೇಡಂ ಕೂಡ ಅಂದರು. ಮೊದಮೊದಲು ನಾನೂ ತಲೆಯಾಡಿಸಿದೆ. ಬ್ಯಾಂಡೇಜು ಬಿಚ್ಚಿದ ಮೇಲೆ ಈ ಮಾತು ಕೇಳಿದರೆ ಮೈಯೆಲ್ಲ ಉರಿಯತೊಡಗಿತು.

ಯಾಕೆಂದು ಹೇಳಬೇಕು. ಬಲಗೈ ಸೂಜಿ ಹಿಡಿಯುತ್ತದೆ, ನಿಜ. ಆದರೆ ಆ ಸೂಜಿ ಎಲ್ಲಿಗೆ ಹೋಗಬೇಕೆಂದು ಹೇಳುವುದು ಎಡಗೈಯ ತೋರುಬೆರಳು. ತೋಳಿಗೆ ಬೆಲ್ಟು ಕಟ್ಟಿ, ಮೊಣಕೈ ಮಡಿಕೆಯಲ್ಲಿ ಬೆರಳಿಟ್ಟು ಮೆಲ್ಲಗೆ ಒತ್ತಬೇಕು. ರಕ್ತನಾಳವಾದರೆ ಒತ್ತಿದಾಗ ತಗ್ಗುತ್ತದೆ, ಬಿಟ್ಟರೆ ಪುಟಿಯುತ್ತದೆ. ಸ್ನಾಯುವಿನ ಹುರಿಯಾದರೆ ತಗ್ಗುವುದಿಲ್ಲ. ಮಿಡಿಯುತ್ತಿದ್ದರೆ ಅದು ಧಮನಿ, ಅಲ್ಲಿಗೆ ಸೂಜಿ ಹೋಗಕೂಡದು. ಜಿಮ್ಮಿಗೆ ಹೋಗುವವರ ಕೈಯಲ್ಲಿ ಇದೆಲ್ಲ ಕಣ್ಣಿಗೇ ಕಾಣುತ್ತದೆ. ವಯಸ್ಸಾದವರಲ್ಲಿ, ಕಾಯಿಲೆ ಬಿದ್ದವರಲ್ಲಿ ಕಣ್ಣಿಗೆ ಕಾಣುವುದು ಕೆಲಸಕ್ಕೆ ಬರುವುದಿಲ್ಲ, ಕೆಲಸಕ್ಕೆ ಬರುವುದು ಕಾಣುವುದಿಲ್ಲ. ಜನ ರಕ್ತನಾಳಕ್ಕೆ ನರ ಎನ್ನುತ್ತಾರೆ. "ನಮ್ಮಮ್ಮನಿಗೆ ನರಾನೇ ಸಿಗಲ್ಲ" ಎಂದು ಯಾರಾದರೂ ಲ್ಯಾಬಿಗೆ ಫೋನ್ ಮಾಡಿದರೆ ಕಳಿಸುತ್ತಿದ್ದುದು ನನ್ನನ್ನು. ಅದರ ಜಂಬ ನನಗೆ ಸಾಕಷ್ಟು ಇತ್ತು.

ಈಗ ಆ ಬೆರಳು ಇತ್ತು, ಅಲ್ಲಾಡುತ್ತಿತ್ತು, ಆದರೆ ಅದಕ್ಕೆ ಏನೂ ತಿಳಿಯುತ್ತಿರಲಿಲ್ಲ. ಮುರಿದ ಮೂಳೆಯ ತುದಿ ಮಣಿಕಟ್ಟಿನ ಒಳಗಿನ ಸ್ಪರ್ಶದ ತಂತುವನ್ನು, ಅಂದರೆ ನಿಜವಾದ ನರವನ್ನು, ಜಜ್ಜಿದೆ, ಕತ್ತರಿಸಿಲ್ಲ ಎಂದರು ಡಾಕ್ಟರು. ಹೆಬ್ಬೆರಳು, ತೋರುಬೆರಳು, ನಡುಬೆರಳು ಅದರ ಪಾಲು.

"ಬರತ್ತಾ ಡಾಕ್ಟ್ರೇ ಸ್ಪರ್ಶ?"

"ಬರಬಹುದು. ನಿಧಾನ. ಪೂರ್ತಿ ಬರತ್ತೆ ಅಂತ ನಾನು ಹೇಳಲ್ಲ."

ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ಪೇಪರ್ ಓದುತ್ತ ಕೂತಿದ್ದೆ. ಹೆಂಡತಿ ಬಂದು ಲೋಟ ಕಿತ್ತುಕೊಂಡಳು. ತೋರುಬೆರಳಿನ ತುದಿ ಬೊಬ್ಬೆ ಎದ್ದಿತ್ತು. ನನಗೆ ಗೊತ್ತೇ ಆಗಿರಲಿಲ್ಲ. ಆವತ್ತು ನಾನು ಹೆದರಿದೆ. ರಸ್ತೆಯ ಮೇಲೆ ಬಿದ್ದಾಗಲೂ ಅಷ್ಟು ಹೆದರಿರಲಿಲ್ಲ. ನನಗೆ ಬೇರೆ ಕಸುಬು ಬರುವುದಿಲ್ಲ.

ಬನಶಂಕರಿಯಲ್ಲಿ ಫಿಸಿಯೋಥೆರಪಿಗೆ ಸೇರಿದೆ. ಅಲ್ಲಿನ ಮೇಡಂ ನನಗಿಂತ ಚಿಕ್ಕವರು, ಮಾತಿನಲ್ಲಿ ಬಹಳ ಬಿಗಿ. ಒಂದು ಪಾತ್ರೆ ತುಂಬ ಅಕ್ಕಿ ಇಟ್ಟು ಅದರೊಳಗೆ ಗುಂಡಿ, ಕಡಲೆಕಾಳು, ಹುಣಸೆಬೀಜ ಹುಗಿಸಿ, ನೋಡದೆ ಹುಡುಕಿ ತೆಗೆಯಿರಿ ಎನ್ನುತ್ತಿದ್ದರು. ತೋರುಬೆರಳಿಗೆ ಎಲ್ಲವೂ ಅಕ್ಕಿಯೇ. ಇನ್ನೊಂದು ದಿನ ಕಣ್ಣು ಮುಚ್ಚಿಸಿ ಒಂದೊಂದು ಬೆರಳನ್ನೂ ಹತ್ತಿಯಿಂದ ಸವರಿ, ತಿಳಿದಾಗ ಹೇಳಿ ಎಂದರು. ಮೂರು ಬೆರಳಿನವರೆಗೆ ನಾನು ಮೌನ. ಆಮೇಲೆ "ಹಾಂ" ಎಂದೆ.

"ಕಿರುಬೆರಳು ಚೆನ್ನಾಗಿದೆ. ಉಂಗುರದ ಬೆರಳಲ್ಲಿ ಕಿರುಬೆರಳಿನ ಕಡೆಯ ಬದಿನೂ ಚೆನ್ನಾಗಿದೆ. ಅಲ್ಲಿನ ಸ್ಪರ್ಶದ ದಾರಿ ಬೇರೆ, ಅದಕ್ಕೆ ಪೆಟ್ಟಾಗಿಲ್ಲ. ನಿಮ್ಮ ಕೆಲಸಕ್ಕೆ ಉಂಗುರದ ಬೆರಳನ್ನ ಯಾಕೆ ಬಳಸಬಾರದು?"

ನನಗೆ ನಗು ಬಂತು. "ಮೇಡಂ, ಉಂಗುರದ ಬೆರಳು ಕುಂಕುಮ ಇಡಕ್ಕೆ."

"ಕುಂಕುಮ ಇಡಕ್ಕೂ ಹಣೆ ಎಲ್ಲಿದೆ ಅಂತ ಗೊತ್ತಾಗ್ಬೇಕಲ್ಲ" ಎಂದು ಅವರು ಮತ್ತೆ ಅಕ್ಕಿ ಪಾತ್ರೆ ಮುಂದಕ್ಕೆ ತಳ್ಳಿದರು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡುತ್ತಾಳೆ. ಮಾತು ಕಡಿಮೆ, ಕೈ ಚುರುಕು. ಅವತ್ತು ಸಂಜೆ ಒಂದು ತಟ್ಟೆಯಲ್ಲಿ ಬೇಯಿಸಿದ ಶಾವಿಗೆಯ ಒಂದು ಎಳೆ ಇಟ್ಟು, ಅದರ ಮೇಲೆ ಬೇಯಿಸದ ಚಪಾತಿ ಮುಚ್ಚಿ ತಂದಳು.

"ಹುಡುಕಿ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೆ ಕೆಲಸದ ಉಪಾಯ ಅದು. ಕಷ್ಟವಾಗಿದ್ದು ಬೇರೆ ಕಾರಣಕ್ಕೆ. ಉಂಗುರದ ಬೆರಳು ಮುಂದೆ ಹೋಗುವುದರೊಳಗೆ ಹಾಳಾದ ತೋರುಬೆರಳು ಹಳೆಯ ಅಭ್ಯಾಸದಲ್ಲಿ ತಾನೇ ಹೋಗಿ ಕೂರುತ್ತಿತ್ತು. ಏನೂ ತಿಳಿಯದಿದ್ದರೂ ಯಜಮಾನಿಕೆ ಬಿಡುತ್ತಿರಲಿಲ್ಲ. ಕೊನೆಗೆ ತೋರುಬೆರಳನ್ನೂ ನಡುಬೆರಳನ್ನೂ ಸೇರಿಸಿ ಟೇಪು ಸುತ್ತಿ ಮೇಲಕ್ಕೆ ಮಡಚಿಟ್ಟುಕೊಂಡೆ. ಉಂಗುರದ ಬೆರಳು ಎಳೆಯನ್ನು ದಾಟಿಹೋಗುವುದು, ಹಿಂದೆ ಬರುವುದು, ಒಂದೇ ಎಳೆ ಎರಡೆಂದು ಹೇಳುವುದು ನಡೆಯಿತು. ಹಿಟ್ಟು ದಪ್ಪವಾದರೆ ಸೋಲು, ತೆಳ್ಳಗಾದರೆ ಗೆಲುವು. ಹೀಗೆ ನಾನು ಒತ್ತಿ ಒತ್ತಿ ತೂತು ಮಾಡಿದ ಚಪಾತಿಗಳನ್ನೇ ನಾವು ಆ ಕಾಲವೆಲ್ಲ ತಿಂದೆವು.

ಗಾಡಿ ಓಡಿಸುವುದನ್ನೂ ಮೊದಲಿಂದ ಕಲಿಯಬೇಕಾಯಿತು. ಕ್ಲಚ್ಚು ಎಡಗೈಯದು. ಭಾನುವಾರ ಬೆಳಿಗ್ಗೆ ಜನವಿಲ್ಲದ ರಸ್ತೆಯಲ್ಲಿ ಕ್ಲಚ್ಚು ಹಿಡಿದು ಬಿಟ್ಟು ಹಿಡಿದು ಬಿಟ್ಟು ಮಣಿಕಟ್ಟು ಊದಿಕೊಂಡಿತು. ಬ್ರೇಕಿನ ವಿಷಯದಲ್ಲಿ ಇಷ್ಟು ವರ್ಷ ನಾನು ಮಾಡುತ್ತಿದ್ದುದು ತಪ್ಪೆಂದು ತಿಳಿದದ್ದು ಆಗಲೇ. ಗಾಬರಿಯಾದರೆ ನನ್ನ ಬಲಗೈ ಮುಂದಿನ ಬ್ರೇಕೊಂದನ್ನೇ ಹಿಡಿಯುತ್ತದೆ, ಕಾಲು ಸುಮ್ಮನಿರುತ್ತದೆ. ತಿರುವಿಗೆ ಮುಂಚೆಯೇ, ಗಾಡಿ ನೇರ ಇರುವಾಗಲೇ, ಕಾಲು ಮತ್ತು ಕೈ ಎರಡರಿಂದಲೂ ವೇಗ ಇಳಿಸಬೇಕು. ತಿರುಗುವಾಗ ಬ್ರೇಕಿನ ತಂಟೆ ಬೇಡ. ಇದನ್ನು ಆ ರಸ್ತೆಯ ಒಂದೇ ಮೂಲೆಯಲ್ಲಿ ಸುತ್ತು ಹೊಡೆದು ಹೊಡೆದು ಮೈಗೆ ಹಿಡಿಸಿದೆ. ಹೆಂಡತಿ ಫುಟ್‌ಪಾತಿನ ಮೇಲೆ ಕೂತು ನೋಡುತ್ತಿದ್ದಳು. "ಫೋನು?" ಎಂದಳು. ಫೋನು ಇನ್ನು ಚೀಲದೊಳಗೆ ಎಂದೆ. ಹಿಂದಿನ ಸಂಜೆಯೇ ಎಲ್ಲರಿಗೂ ಇಂಥ ಹೊತ್ತಿನಿಂದ ಇಂಥ ಹೊತ್ತಿನೊಳಗೆ ಬರುತ್ತೇನೆ, ನಡುವೆ ಫೋನ್ ಎತ್ತುವುದಿಲ್ಲ ಎಂದು ಮೆಸೇಜು ಹಾಕುವುದಾಗಿಯೂ ಒಪ್ಪಿಕೊಂಡೆ.

ಲ್ಯಾಬಿಗೆ ಹೋದಾಗ ಮೇಲ್ವಿಚಾರಕಿ ಮೇಡಂ ನೇರವಾಗಿ ಕೇಳಿದರು.

"ಕೈ ಸರಿ ಇದೆಯಾ? ಇಲ್ಲ ಅಂದ್ರೆ ಕೌಂಟರಲ್ಲಿ ಕೂತ್ಕೊಳ್ಳಿ, ಬಿಲ್ ಹಾಕಿ. ಬೇಜಾರಿಲ್ಲ. ಆದ್ರೆ ಜನರ ಕೈಮೇಲೆ ಪ್ರಯೋಗ ಬೇಡ."

"ಸರಿ ಇದೆ ಮೇಡಂ."

ಪರೀಕ್ಷೆಗೆಂದು ಲ್ಯಾಬಿನ ಕೆಲವರನ್ನು ಕೂರಿಸಿದರು. ಎಲ್ಲರೂ ವಯಸ್ಸಿನ ಹುಡುಗರು, ಕೈಮೇಲೆ ಹಗ್ಗದಂಥ ರಕ್ತನಾಳ. ಉಂಗುರದ ಬೆರಳನ್ನು ಮೇಲೆ ಇಟ್ಟೆ, ಆದರೆ ಕೆಲಸ ಮಾಡಿದ್ದು ಕಣ್ಣು. ಎಲ್ಲರಿಗೂ ಒಂದೇ ಏಟಿಗೆ ರಕ್ತ ಬಂತು. ಮೇಡಂ ಬೆನ್ನು ತಟ್ಟಿದರು. ಈ ಪಾಸು ಕಳ್ಳ ಪಾಸು ಎಂದು ಅಲ್ಲಿ ಗೊತ್ತಿದ್ದುದು ನನಗೊಬ್ಬನಿಗೆ. ಹೇಳಿದರೆ ಕೌಂಟರು. ನಾನು ಹೇಳಲಿಲ್ಲ.

ಮೊದಲ ಕೆಲವು ದಿನ ಹೇಗೋ ನಡೆಯಿತು. ಕಾಣುವ ಕೈಗಳೇ ಸಿಕ್ಕವು. ಆಮೇಲೆ ಒಂದು ಸಂಜೆ ಮೇಡಂ ಫೋನ್ ಮಾಡಿ ಮಾರನೆಯ ಬೆಳಗಿನ ಮನೆಗಳನ್ನು ಹೇಳಿದರು. ಮೊದಲನೆಯದು ಜಯನಗರದಲ್ಲಿ ನಾನು ಅಮ್ಮ ಎಂದು ಕರೆಯುವ ಹಿರಿಯರ ಮನೆ.

ಅವರು ನಿವೃತ್ತ ಹೈಸ್ಕೂಲ್ ಟೀಚರು. ಸಕ್ಕರೆ, ಥೈರಾಯ್ಡ್ ಎಂದು ಎಷ್ಟೋ ವರ್ಷದಿಂದ ಅವರ ರಕ್ತ ತೆಗೆಯುತ್ತಿದ್ದವನು ನಾನೇ. ನಾನು ಬೀಳುವ ಸ್ವಲ್ಪ ಮುಂಚೆ ಅವರಿಗೆ ಎಡ ಎದೆಯ ಆಪರೇಷನ್ ಆಗಿ, ಕ್ಯಾನ್ಸರಿನ ಔಷಧ ಹನಿಸುವುದು ಶುರುವಾಗಿತ್ತು. ಆಪರೇಷನ್ ಆದ ಬದಿಯ ಕೈಗೆ ಸೂಜಿ ಹಾಕುವಂತಿಲ್ಲ. ಉಳಿದದ್ದು ಬಲಗೈ ಒಂದೇ. ಪ್ರತಿ ಸಲ ಔಷಧಕ್ಕೆ ಹಿಂದಿನ ದಿನ ರಕ್ತ ತೆಗೆದು ಕಣಗಳ ಲೆಕ್ಕ ನೋಡಬೇಕು. ಆ ವರದಿ ಇಲ್ಲದೆ ಆಸ್ಪತ್ರೆಯಲ್ಲಿ ಔಷಧ ಹಾಕುವುದಿಲ್ಲ. ನಾನಿಲ್ಲದಾಗ ಒಮ್ಮೆ ರಕ್ತ ಸಿಗದೆ ಔಷಧ ಮುಂದಕ್ಕೆ ಹೋಗಿತ್ತು ಎಂದು ಲ್ಯಾಬಿನಲ್ಲಿ ಕೇಳಿದ್ದೆ.

ಬೇರೆಯವರನ್ನು ಕಳಿಸಿ ಎನ್ನಬಹುದಿತ್ತು. ಯಾಕೆ ಎಂದು ಮೇಡಂ ಕೇಳುತ್ತಿದ್ದರು. ಕೇಳಿದರೆ ಹೇಳಬೇಕಾಗುತ್ತಿತ್ತು. ಹೋಗುತ್ತೇನೆ ಎಂದೆ.

ಬಾಗಿಲು ತೆಗೆದವರು ಅವರೇ. ತಲೆಗೆ ಹತ್ತಿಯ ಸ್ಕಾರ್ಫು ಕಟ್ಟಿದ್ದರು, ಮುಖ ಇಳಿದಿತ್ತು, ದನಿ ಮಾತ್ರ ಹಳೆಯದೇ.

"ಬಂದ್ಯಾ. ಕೈ ಹೇಗಿದೆಯಪ್ಪ?"

"ಪರವಾಗಿಲ್ಲಮ್ಮ."

"ನೀನಿಲ್ದೆ ನನ್ನ ಕೈ ಜರಡಿ ಆಗಿದೆ ನೋಡು."

ಬಲಗೈ ತೋರಿಸಿದರು. ಮೊಣಕೈಯಿಂದ ಮಣಿಕಟ್ಟಿನವರೆಗೆ ಹಸಿರು, ಹಳದಿ, ಕಪ್ಪು ಕಲೆಗಳು. ಔಷಧ ಹರಿದು ಹರಿದು ರಕ್ತನಾಳಗಳು ಒಣಗಿದ ತೊಟ್ಟಿನ ಹಾಗೆ ಗಟ್ಟಿಯಾಗಿದ್ದವು. ಕುರ್ಚಿಯಲ್ಲಿ ಕೂರಿಸಿ, ಕೈ ಕೆಳಗೆ ದಿಂಬು ಕೊಟ್ಟು, ತೋಳಿಗೆ ಬೆಲ್ಟು ಕಟ್ಟಿದೆ. ಗ್ಲೌಸಿನೊಳಗೆ ಟೇಪು ಸುತ್ತಿದ ಬೆರಳುಗಳು ಅವರಿಗೆ ಕಂಡವು.

"ಅದೇನದು?"

"ಸಪೋರ್ಟಿಗೆ ಅಮ್ಮ."

ಉಂಗುರದ ಬೆರಳಿಟ್ಟೆ. ಏನೇನೋ ತಿಳಿಯಿತು, ಯಾವುದನ್ನೂ ನಂಬಲಾಗಲಿಲ್ಲ. ಮಡಿಕೆಯ ಹತ್ತಿರ ನೀಲಿಗೆರೆಯೊಂದು ಕಾಣುತ್ತಿತ್ತು. ಕಂಡದ್ದನ್ನು ನಂಬಿದೆ. ಇಂಥ ಕೈಗೆಂದೇ ಇರುವ ಸಣ್ಣ ಬಟರ್‌ಫ್ಲೈ ಸೂಜಿ ತೆಗೆದು ಒಳಗೆ ಬಿಟ್ಟೆ. ಅದರ ಹಿಂದಿನ ಕೊಳವೆ ಖಾಲಿಯೇ ಉಳಿಯಿತು. ಒಂದಿಷ್ಟು ಮುಂದೆ, ಒಂದಿಷ್ಟು ಹಿಂದೆ ಸರಿಸಿದೆ. ಅಮ್ಮ ಹಲ್ಲು ಕಚ್ಚಿ ಉಸಿರೆಳೆದುಕೊಂಡರು. ಸೂಜಿ ಹೊರಗೆ ತೆಗೆದು ಹತ್ತಿ ಒತ್ತಿ ಹಿಡಿದೆ.

ಅಡುಗೆಮನೆಯಿಂದ ಅವರ ಯಜಮಾನರ ದನಿ ಬಂತು. "ಆಯ್ತಾ? ಕಾಫಿಗೆ ಹಾಲಿಡ್ಲಾ?"

"ಇನ್ನೂ ಇಲ್ಲ" ಎಂದರು ಅಮ್ಮ.

ನಮ್ಮ ಲ್ಯಾಬಿನ ನಿಯಮ, ಒಬ್ಬರಿಗೆ ಎರಡೇ ಸಲ ಚುಚ್ಚಬಹುದು. ಉಳಿದದ್ದು ಒಂದು. ಮುಂಗೈ ಮೇಲೆ ಇನ್ನೊಂದು ನೀಲಿಗೆರೆ ಕಾಣುತ್ತಿತ್ತು, ಕೂದಲಿನಷ್ಟು ತೆಳ್ಳಗೆ. ಅಲ್ಲಿ ಹಾಕಿದರೆ ಒಡೆಯುವ ಸಂಭವವೇ ಹೆಚ್ಚು. ಒಡೆದರೆ ಇವತ್ತಿನ ರಕ್ತ ಇಲ್ಲ, ನಾಳಿನ ಔಷಧ ಇಲ್ಲ. ಅವರ ಕೈ ಸರಿಯಿಲ್ಲ, ಸಿಗಲಿಲ್ಲ ಎಂದು ಹೇಳಿ ಎದ್ದು ಹೋಗಲೂ ದಾರಿಯಿತ್ತು. ಯಾರೂ ನನ್ನನ್ನು ಬೈಯುತ್ತಿರಲಿಲ್ಲ. ನನಗಿಂತ ಮುಂಚೆ ಬಂದವರೆಲ್ಲ ಅದನ್ನೇ ಹೇಳಿ ಹೋಗಿದ್ದರು. ಆ ಕಲೆಗಳನ್ನು ಇನ್ನೊಮ್ಮೆ ನೋಡಿದೆ. ಬೆಲ್ಟು ಸಡಿಲಿಸಿದೆ.

"ಅಮ್ಮ, ನನ್ನ ತೋರುಬೆರಳಿಗೆ ಸ್ಪರ್ಶ ಇಲ್ಲ. ಬಿದ್ದಾಗಿಂದ ಹೀಗೇ ಇದೆ. ಉಂಗುರದ ಬೆರಳಲ್ಲಿ ಹುಡುಕೋದು ಕಲೀತಿದೀನಿ. ಲ್ಯಾಬಲ್ಲಿ ಹೇಳಿಲ್ಲ. ನೀವು ಬೇಡ ಅಂದ್ರೆ ಈಗ್ಲೇ ಬೇರೆಯವರನ್ನ ಕರೆಸ್ತೀನಿ."

ಅವರು ಹತ್ತಿಯನ್ನು ತಾವೇ ಒತ್ತಿಕೊಂಡು ನನ್ನನ್ನು ದಿಟ್ಟಿಸಿದರು. ಕರುಣೆ ತೋರಿಸುತ್ತಾರೆಂದು ನಾನು ಎಲ್ಲೋ ಒಳಗೊಳಗೆ ಕಾದಿದ್ದೆ. ಅಂಥದ್ದೇನೂ ಬರಲಿಲ್ಲ.

"ಮೊದ್ಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಬೇಡ ಅಂತೀರಿ ಅಂತ."

"ಬೇಡ ಅನ್ನೋದು ಬಿಡೋದು ನನಗೆ ಸೇರಿದ್ದು. ಕೈ ನಂದು." ದನಿ ಏರಿಸಲಿಲ್ಲ. ಅಡುಗೆಮನೆಯ ಕಡೆ ಒಮ್ಮೆ ನೋಡಿ ಮುಂದುವರಿಸಿದರು. "ನನ್ನ ಕಾಯಿಲೆ ಏನು ಅಂತ ಡಾಕ್ಟ್ರು ಮೊದ್ಲು ಹೇಳಿದ್ದು ನಮ್ಮನೆಯವರಿಗೆ. ಮಗನಿಗೆ ಗೊತ್ತಿತ್ತು. ನಾದಿನಿಗೆ ಗೊತ್ತಿತ್ತು. ನನಗೆ ಮಾತ್ರ ಗಡ್ಡೆ, ಗಡ್ಡೆ ಅಂತಿದ್ರು. ಹೆದರ್ಕೋತಾಳೆ ಅಂತ. ನನಗೆ ಕಾಯಿಲೆ ಮೇಲೆ ಅಷ್ಟು ಸಿಟ್ಟಿಲ್ಲಪ್ಪ, ನನ್ನಿಂದ ಮುಚ್ಚಿಟ್ಟಿದ್ದರ ಮೇಲಿದೆ. ಈಗ ನೀನೂ ಅದೇ ಮಾಡಿದೆ."

"ತಪ್ಪಾಯ್ತಮ್ಮ" ಎಂದೆ. ಅದು ಬಾಯಿಮಾತಿಗೆ ಹೇಳಿದ್ದಲ್ಲ. ಅವರು ಹತ್ತಿ ತೆಗೆದು ನೋಡಿದರು, ರಕ್ತ ನಿಂತಿತ್ತು.

"ಬೇರೆಯವರನ್ನ ಕರೆಸಿದ್ರೆ ಯಾರು ಬರೋದು? ಈ ಕಲೆ ಮಾಡಿದವರೇ ತಾನೇ?"

"ಹೌದಮ್ಮ."

"ಒಂದು ಮಾತು ಹೇಳ್ತೀನಿ. ಮೊದ್ಲು ನೀನು ನರ ಹುಡುಕುವಾಗ ನನ್ನ ಕೈ ನೋಡ್ತಾನೇ ಇರ್ಲಿಲ್ಲ. ಗೋಡೆ ಕಡೆ ನೋಡ್ಕೊಂಡು ಮಾತಾಡ್ತಿದ್ದೆ. ಇವ್ನಿಗೆ ಕೆಲಸದ ಮೇಲೆ ಗಮನ ಇದೆಯೋ ಇಲ್ವೋ ಅಂತ ನನಗೆ ಭಯ ಆಗ್ತಿತ್ತು. ಇವತ್ತು ಬಂದಾಗಿಂದ ಕೈನೇ ನುಂಗೋ ಹಾಗೆ ನೋಡ್ತಿದೀಯ."

ಇದು ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಕೆಲಸ ಮಾಡಿಯೂ ನಾನು ಎಲ್ಲಿ ನೋಡುತ್ತೇನೆ ಎಂದು ನನಗೆ ತಿಳಿದಿರಲಿಲ್ಲ. ರಕ್ತ ಕೊಡುವವರಿಗೆ ಮಾತ್ರ ಕಾಣುವ ವಿಷಯ ಅದು.

"ಇನ್ನೊಂದ್ಸಲ ನೋಡು" ಎಂದು ಅವರು ಕೈ ದಿಂಬಿನ ಮೇಲಿಟ್ಟರು. "ಸಿಗ್ಲಿಲ್ಲ ಅಂದ್ರೆ ಸಿಗ್ಲಿಲ್ಲ ಅನ್ನು. ಚುಚ್ಚಿ ನೋಡ್ಬೇಡ."

ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲ್ ತರಿಸಿ ತೋಳಿಗೆ ಸುತ್ತಿ ಕಾಯಿಸಿದೆ. ಮತ್ತೆ ಬೆಲ್ಟು ಕಟ್ಟಿದೆ. ಹೊಸ ಗ್ಲೌಸು ಹಾಕಿಕೊಂಡೆ. ಉಂಗುರದ ಬೆರಳಿಟ್ಟು ಮುಖ ಆ ಕಡೆ ತಿರುಗಿಸಿದೆ. ಗೋಡೆಯ ಮೇಲೆ ಅವರ ಮೊಮ್ಮಗಳ ಭರತನಾಟ್ಯದ ಫೋಟೋ ಇತ್ತು, ಅದನ್ನು ನೋಡಿದೆ. ಮಾತು ಮಾತ್ರ ಬರಲಿಲ್ಲ.

ಗಟ್ಟಿ ಹುರಿ. ಇದಲ್ಲ. ಪಕ್ಕಕ್ಕೆ ಜರುಗಿಸಿದೆ. ಹಳೆಯ ಗಾಯದ ಗಂಟು. ಇದೂ ಅಲ್ಲ. ಮೊಣಕೈಯ ಹೊರಬದಿಗೆ, ಕಣ್ಣು ಎಂದೂ ಹುಡುಕದ ಜಾಗದಲ್ಲಿ, ಆಳದಲ್ಲಿ ಏನೋ ಮೆತ್ತಗೆ ತಗ್ಗಿತು. ಬಿಟ್ಟೆ. ಪುಟಿಯಿತು. ನಂಬಿಕೆ ಬರಲಿಲ್ಲ. ಬೆರಳು ಎತ್ತಿ ಮತ್ತೆ ಇಟ್ಟೆ, ಮೇಲಿನಿಂದ ಕೆಳಕ್ಕೆ ಸವರಿದೆ. ಅದು ಬೆರಳಿನ ಜೊತೆಗೇ ಒಂದು ದಾರಿಯಾಗಿ ಹೋಯಿತು. ತಿರುಗಿ ನೋಡಿದರೆ ಚರ್ಮದ ಮೇಲೆ ಏನೂ ಇಲ್ಲ, ಬರೀ ಬಿಳಿಚಿದ ತೊಗಲು. ಕಣ್ಣು ಇಲ್ಲ ಎನ್ನುತ್ತಿತ್ತು, ಬೆರಳು ಇದೆ ಎನ್ನುತ್ತಿತ್ತು.

"ಸಿಕ್ತಾ?"

"ಸಿಕ್ಕಿದೆ ಅಂತ ಬೆರಳು ಹೇಳ್ತಿದೆ ಅಮ್ಮ. ಚುಚ್ಚಲಾ?"

ಅವರು ನನ್ನ ಮುಖ ನೋಡಿ, "ಹೂಂ" ಎಂದರು.

ಸ್ಪಿರಿಟ್ ಹತ್ತಿಯಿಂದ ಒರೆಸಿ ಒಣಗಲು ಬಿಟ್ಟೆ. ಪ್ಲೇಟು ಹಾಕಿದ ಮಣಿಕಟ್ಟು ಬಗ್ಗುವುದಿಲ್ಲವಾದ್ದರಿಂದ ಮೈಯನ್ನೇ ವಾರೆ ಮಾಡಿ ಕೂತು, ಎಡ ಹೆಬ್ಬೆರಳಿನಿಂದ ಚರ್ಮ ಕೆಳಕ್ಕೆ ಎಳೆದು ಹಿಡಿದೆ. ಹೆಬ್ಬೆರಳಿಗೂ ಸ್ಪರ್ಶವಿಲ್ಲ, ಎಷ್ಟು ಒತ್ತಿದ್ದೇನೆ ಎಂದು ತಿಳಿಯದೆ ಅವರ ಮುಖ ನೋಡಿ ತಿಳಿಯಬೇಕಾಯಿತು. ಸೂಜಿ ಒಳಗೆ ಹೋಯಿತು. ಖಾಲಿ. ಅಲ್ಲಿಗೇ ನಿಲ್ಲಿಸಿದೆ. ಬೆರಳು ತಿಳಿಸಿದ ಆಳ ಇನ್ನೂ ಕೊಂಚ ಕೆಳಗಿತ್ತು. ಎಳ್ಳಿನಷ್ಟು ಮುಂದಕ್ಕೆ ಒತ್ತಿದೆ. ಕೊಳವೆಯಲ್ಲಿ ಕೆಂಪು ಬಂತು.

ಟ್ಯೂಬು ಸಿಕ್ಕಿಸಿದೆ. ತೆಳ್ಳಗೆ, ನಿಧಾನವಾಗಿ, ನಿಲ್ಲದೆ ತುಂಬಿತು. ಬೆಲ್ಟು ಬಿಚ್ಚಿ ಸೂಜಿ ತೆಗೆದೆ. ರಕ್ತ ಹೆಪ್ಪುಗಟ್ಟದಂತೆ ಟ್ಯೂಬನ್ನು ಮೆಲ್ಲಗೆ ಮೇಲೆ ಕೆಳಗೆ ಮಾಡಿದೆ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಗ್ಲೌಸು ಅಡ್ಡ. ಅಮ್ಮ ನೋಡಿಯೂ ನೋಡದವರಂತೆ ಒಳಗೆ ಕೂಗಿದರು. "ಹಾಲಿಡ್ರೀ." ಹೊರಡುವಾಗ ಗೇಟಿನ ತನಕ ಬಂದರು.

"ಇನ್ನು ಮೇಲೆ ಎಲ್ಲಿ ಹೋದ್ರೂ ಬಾಗಿಲಲ್ಲೇ ಹೇಳು" ಎಂದರು.

ಮುಂದಿನ ಮನೆ ಜೆ.ಪಿ. ನಗರದಲ್ಲಿ. ಬಾಗಿಲು ತೆಗೆದವರಿಗೆ, ಬ್ಯಾಗು ಹೆಗಲಲ್ಲಿರುವಾಗಲೇ, ಹೇಳಿದೆ: ಸಾರ್, ಆಕ್ಸಿಡೆಂಟಾಗಿ ನನ್ನ ಈ ಬೆರಳಿಗೆ ಸ್ಪರ್ಶ ಇಲ್ಲ, ಇನ್ನೊಂದು ಬೆರಳಲ್ಲಿ ಹುಡುಕ್ತೀನಿ, ಸ್ವಲ್ಪ ಹೊತ್ತು ಹಿಡಿಯತ್ತೆ, ಬೇಡ ಅಂದ್ರೆ ಬೇರೆಯವರು ಬರ್ತಾರೆ. ಅವರು ನನ್ನ ಕೈ ನೋಡಿದರು, ಒಳಗೆ ಕೂತಿದ್ದ ತಾಯಿಯ ಕಡೆ ನೋಡಿದರು.

"ತಪ್ಪು ತಿಳ್ಕೋಬೇಡಿ. ನಮ್ಮಮ್ಮನಿಗೆ ನರ ಸಿಗೋದೇ ಕಷ್ಟ. ಬೇರೆಯವರೇ ಬರ್ಲಿ."

ಮೆಟ್ಟಿಲಿಳಿದು ಬಂದು ಗಾಡಿಯ ಪಕ್ಕ ನಿಂತೆ. ಬೇರೆಯವರನ್ನು ಕಳಿಸಬೇಕಾದರೆ ಲ್ಯಾಬಿಗೆ ಫೋನ್ ಮಾಡಲೇಬೇಕು. ಮಾಡಿದೆ.

"ಬೇಡ ಅಂದ್ರಾ? ಯಾಕೆ?" ಎಂದರು ಮೇಲ್ವಿಚಾರಕಿ ಮೇಡಂ.

ಎಲ್ಲ ಹೇಳಿದೆ. ಬೊಬ್ಬೆ ಎದ್ದ ಬೆರಳು, ಟೇಪು, ಹುಡುಗರ ಕೈಯಲ್ಲಿ ಕಣ್ಣಿನಿಂದ ಪಾಸಾದದ್ದು, ಜಯನಗರದ ಅಮ್ಮನವರಿಗೆ ಒಂದು ಸಲ ಸುಮ್ಮನೆ ಚುಚ್ಚಿದ್ದು, ಎರಡನೆಯದು ಸಿಕ್ಕಿದ್ದು. 'ಕೌಂಟರು' ಎಂಬ ಮಾತಿಗೆ ನಾನು ಕಾಯುತ್ತಿದ್ದೆ. ಫೋನು ಕಿವಿಗೆ ಅಂಟಿ ಬೆವರಿತ್ತು.

"ನನಗೆ ಸುಳ್ಳು ಹೇಳಿದ್ರಿ."

"ಹೌದು ಮೇಡಂ."

"ಇವತ್ತು ಈ ಮನೇಲಿ ಯಾಕೆ ಹೇಳಿದ್ರಿ? ಸುಮ್ಮನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ."

"ಕೈ ಅವರದು ಮೇಡಂ."

ಹಿಂದೆ ಯಾರೋ ಏನೋ ಕೇಳಿದ್ದಕ್ಕೆ ಅವರು "ಇರಿ" ಎಂದದ್ದು ಕೇಳಿಸಿತು.

"ನಾಳೆ ಲ್ಯಾಬಿಗೆ ಬಂದು ನನ್ನ ಕೈಯಿಂದ ತೆಗೀರಿ. ನನ್ನ ನರ ಕಣ್ಣಿಗೆ ಕಾಣಲ್ಲ. ಅಲ್ಲಿ ಸಿಗ್ಲಿಲ್ಲ ಅಂದ್ರೆ ಆಮೇಲೆ ಮಾತಾಡೋಣ. ಈ ಮನೆಗೆ ಬೇರೆಯವರನ್ನ ಕಳಿಸ್ತೀನಿ. ನೀವು ಮುಂದಿನ ಮನೆಗೆ ಹೋಗಿ."

ನನಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಎನ್ನಿಸಿತು.

"ಹೋಗ್ಲಾ ಮೇಡಂ?"

"ಹೋಗಿ. ಅಲ್ಲೂ ಹೇಳಿ."